ಹಳ್ಳದ ಮೇಲಣ ಕಬ್ಬಿಣದ ಸೇತುವೆ

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ರಾಜಧಾನಿಯಾದ ಆಲ್ಬನಿಯ ಅಂಚಿನಲ್ಲಿ, ನಾರ್ಮನ್ಸ್ ಕಿಲ್ ಎಂಬ ಹಳ್ಳದ ಕಣಿವೆಯೊಳಗೆ, 1867ರಲ್ಲಿ ನಿರ್ಮಿತವಾದ ಕಬ್ಬಿಣದ ಸೇತುವೆಯೊಂದು ಇಂದಿಗೂ ನಿಂತಿರುವುದು. (ಕಿಲ್ ಎಂದರೆ ಡಚ್ಚರ ಮಾತಿನಲ್ಲಿ ಹಳ್ಳವೇ; ಡಚ್ಚರು ಹೋದರು, ಹೆಸರು ಉಳಿಯಿತು.) ಉದ್ದ 110 ಅಡಿ, ಆಕಾರ ಬಾಗಿದ ಬಿಲ್ಲಿನದು. ಬೇರೆಡೆ ಇದ್ದುದನ್ನು 1899ರ ಸುಮಾರಿಗೆ ಬಿಚ್ಚಿ ತಂದು ಇಲ್ಲಿ ಜೋಡಿಸಿದರೆಂದು ಹೇಳುವರು. ಇಷ್ಟು ಸಣ್ಣ ಸೇತುವೆಗೆ ಈ ಅಂಕಣವೇಕೆಂದು ವಾಚಕ ಮಹಾಶಯರು ಕೇಳಬಹುದು.

ಇದರ ಮಾದರಿಯನ್ನು ಕಲ್ಪಿಸಿದಾತನು ಸ್ಕ್ವಾಯರ್ ವಿಪ್ಪಲ್. ಈತನಿಗೆ ಮುಂಚೆ ಸೇತುವೆ ಕಟ್ಟುವವರು ಬಹುಮಟ್ಟಿಗೆ ಕಣ್ಣಳತೆಯನ್ನೂ ರೂಢಿಯನ್ನೂ ನಂಬಿದ್ದರು. ಎರಕದ ಕಬ್ಬಿಣವು ಒತ್ತಡವನ್ನು ತಾಳುವುದು, ಸೆಳೆತವನ್ನು ತಾಳದು. ಬಡಿದು ಮಾಡಿದ ಕಬ್ಬಿಣವು ಸೆಳೆತಕ್ಕೆ ಒದಗುವುದು. ಆದುದರಿಂದ ವಿಪ್ಪಲನು ಮೇಲಣ ಬಿಲ್ಲನ್ನು ಎರಕದಿಂದಲೂ ಕೆಳಗಣ ಹೆದೆಯನ್ನು ಬಡಿದ ಕಬ್ಬಿಣದಿಂದಲೂ ಮಾಡಿ 1841ರಲ್ಲಿ ಹಕ್ಕುಪತ್ರ ಪಡೆದನು. ಈರಿ ಕಾಲುವೆಯ ಮೇಲೆ ಇಂತಹ ಸೇತುವೆಗಳು ಅನೇಕವೆದ್ದವು, ಉಳಿದಿರುವುವು ಬೆರಳೆಣಿಕೆಯಷ್ಟು. ಆದರೆ ಆತನ ನಿಜವಾದ ಕೊಡುಗೆ 1847ರಲ್ಲಿ ಪ್ರಕಟಿಸಿದ ಚಿಕ್ಕ ಪುಸ್ತಕ. ಪ್ರತಿಯೊಂದು ಸರಳಿನ ಮೇಲೆ ಎಷ್ಟು ಭಾರ ಬೀಳುವುದೆಂದು ಲೆಕ್ಕಹಾಕುವ ಕ್ರಮವನ್ನು ಅದು ಎಲ್ಲರಿಗೂ ಬಿಚ್ಚಿಟ್ಟಿತು.

ಲೆಕ್ಕವಿದ್ದರೆ ಸಾಲದು, ಧಣಿಗಳು ಕೇಳಬೇಕು. ಒಹಾಯೋ ಸಂಸ್ಥಾನದ ಆಷ್ಟಬ್ಯುಲಾದಲ್ಲಿ ರೈಲ್ವೆ ಕಂಪೆನಿಯ ಅಧ್ಯಕ್ಷನಾದ ಅಮಾಸಾ ಸ್ಟೋನ್, ಮರಕ್ಕೆಂದು ಹುಟ್ಟಿದ ನಮೂನೆಯನ್ನು ಇಡಿಯಾಗಿ ಕಬ್ಬಿಣದಲ್ಲಿ ಮಾಡಿಸಿದನು. ಓರೆ ಸರಳುಗಳು ಸಾಲವೆಂದ ಇಂಜಿನಿಯರ್ ಜೋಸೆಫ್ ಟಾಮ್ಲಿನ್‌ಸನ್ ಕೆಲಸ ಬಿಡಬೇಕಾಯಿತು. 1876ರ ಡಿಸೆಂಬರ್ 29ರ ರಾತ್ರಿ, ಹಿಮ ಸುರಿಯುತ್ತಿರುವಾಗ, ಸೇತುವೆಯು ರೈಲಿನ ಕೆಳಗೆ ಕುಸಿದು, ಬಿದ್ದ ಗಾಡಿಗಳಿಗೆ ಬೆಂಕಿ ಹತ್ತಿ, ಸುಮಾರು 92 ಜನ ಸತ್ತರು. ವಿಪ್ಪಲನ ಪುಸ್ತಕ ಹೊರಬಂದು ಆಗಲೇ 29 ವರ್ಷಗಳಾಗಿದ್ದುವು.

ಆ 1847ರಲ್ಲಿಯೇ ನಮ್ಮ ರೂರ್ಕಿಯ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತೆಂಬುದನ್ನು ಮರೆಯಲಾಗದು. ಆದರೂ ನಮ್ಮ ದೊಡ್ಡ ರೈಲ್ವೆ ಸೇತುವೆಗಳ ತೊಲೆಗಳು ಬಹುಕಾಲ ಇಂಗ್ಲೆಂಡಿನಿಂದಲೇ ಹಡಗೇರಿ ಬಂದುವು. ಕಬ್ಬಿಣ ಬಂದಿತು, ಅದರ ಹಿಂದಿನ ಲೆಕ್ಕವು ನಮ್ಮ ಭಾಷೆಗಳಿಗೆ ಇಳಿಯಲಿಲ್ಲ. ಆಲ್ಬನಿಯವರು 1971ರಲ್ಲಿ ತಮ್ಮ ಹಳ್ಳದ ಸೇತುವೆಯನ್ನು ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೆ ಸೇರಿಸಿಕೊಂಡರು. ಈಗ ಅದರ ಮೇಲೆ ವಾಹನಗಳಿಲ್ಲ, ನಡೆಯುವವರಿಗೆ ಮಾತ್ರ ದಾರಿ. ನಮ್ಮಲ್ಲಿಯ ಹಳೆಯ ಕಬ್ಬಿಣದ ಸೇತುವೆಗಳನ್ನು ಗುಜರಿಗೆ ಹರಾಜು ಹಾಕುವ ಮುನ್ನ, ಇಂಜಿನಿಯರಿಂಗ್ ಕಾಲೇಜುಗಳ ನಾಲ್ಕು ಮಂದಿ ವಿದ್ಯಾರ್ಥಿಗಳನ್ನಾದರೂ ಅಲ್ಲಿಗೆ ಕಳುಹಿಸಿ, ಸರಳು ಸರಳನ್ನೂ ಅಳೆಯಿಸಿ, ಆ ಲೆಕ್ಕವನ್ನು ಕನ್ನಡದಲ್ಲಿ ಅಚ್ಚುಹಾಕಿಸಬೇಕೆಂದು ಲೋಕೋಪಯೋಗಿ ಇಲಾಖೆಯವರನ್ನು ಒತ್ತಾಯಿಸುತ್ತೇವೆ.