ಮನೆಯೇ ಪಾಠಶಾಲೆಯಾಗಬಹುದೆ?

ಮಕ್ಕಳಿಗೆ ಮೊದಲನೆಯ ಉಪಾಧ್ಯಾಯರು ತಂದೆತಾಯಿಗಳೇ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೊನೆಯವರೆಗಿನ ಉಪಾಧ್ಯಾಯರೂ ಅವರೇ ಆಗಿರಬಹುದೆ ಎಂಬ ಪ್ರಶ್ನೆಯು ಈಗ ನಮ್ಮ ಬಾಶೆಟ್ಟಿಹಳ್ಳಿಯ ಸುತ್ತಮುತ್ತಲೂ ಕೇಳಿಬರುತ್ತಿರುವುದು. ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಉದ್ಯೋಗದಲ್ಲಿರುವ ಕ್ರೈಸ್ತ ಗೃಹಸ್ಥರೊಬ್ಬರು, ಎಂಟನೆಯ ತರಗತಿಯಲ್ಲಿರುವ ತಮ್ಮ ಮಗಳನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲಿಯೇ ಓದಿಸಬೇಕೆಂಬ ಆಲೋಚನೆಯನ್ನು ನಮ್ಮ ಮುಂದಿಟ್ಟರು. ಅವರದು ಪಾಳಿಯ ಕೆಲಸ. ಅವರು ಮನೆಗೆ ಬರುವ ಹೊತ್ತಿಗೆ ಮಗಳು ಶಾಲೆಯಲ್ಲಿರುತ್ತಾಳೆ. ಅವಳು ಬರುವ ಹೊತ್ತಿಗೆ ಅವರು ಹೊರಟಿರುತ್ತಾರೆ. ಕುಟುಂಬ ಪ್ರಾರ್ಥನೆಯು ವಾರಕ್ಕೊಮ್ಮೆ ನಡೆದರೆ ಹೆಚ್ಚು. ಅವಳು ಮಾತಾಡುವಾಗಲೆಲ್ಲ ಅಂಕಗಳ ಮಾತೇ ಹೊರತು ಬೇರೆ ಮಾತಿಲ್ಲ. “ದೇವರು ಈ ಮಗುವನ್ನು ಒಪ್ಪಿಸಿರುವುದು ನಮಗಲ್ಲವೆ ಅಮ್ಮಾ? ನಾಳೆ ಆತನಿಗೆ ಲೆಕ್ಕ ಕೊಡಬೇಕಾದವರೂ ನಾವೇ ಅಲ್ಲವೆ?” ಎಂದು ಅವರು ಕೇಳಿದರು. ಇದು ಹಗುರವಾಗಿ ತಳ್ಳಿಬಿಡತಕ್ಕ ಮಾತಲ್ಲ. ಇದೇ ಚಿಂತೆಯು ಇನ್ನೂ ಹಲವು ಮಾತಾಪಿತೃಗಳ ಮನಸ್ಸಿನಲ್ಲಿರಬಹುದಾದ ಕಾರಣ, ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಿಸುವೆವು.

ಅವರ ಪಕ್ಷಕ್ಕೆ ಸತ್ಯವೇದದ ಆಧಾರವುಂಟು. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ, ಮನೆಯಲ್ಲಿ ಕುಳಿತಿರುವಾಗಲೂ ದಾರಿ ನಡೆಯುವಾಗಲೂ ಮಕ್ಕಳಿಗೆ ದೇವರ ಆಜ್ಞೆಗಳನ್ನು ಬೋಧಿಸಬೇಕಾದ ಹೊಣೆಯನ್ನು ಹೆತ್ತವರಿಗೇ ವಹಿಸಿದೆ. ತಿಮೊಥೆಯನ ನಂಬಿಕೆಯು ಅವನ ಅಜ್ಜಿಯಾದ ಲೋವಿಯಲ್ಲಿಯೂ ತಾಯಿಯಾದ ಯೂನಿಕೆಯಲ್ಲಿಯೂ ಮೊದಲು ನೆಲೆಗೊಂಡಿದ್ದಿತೆಂದು ಪೌಲನು ಸ್ಮರಿಸುತ್ತಾನೆ. ಈ ಹೊಣೆಯನ್ನು ಯಾವ ಮಿಷನ್ ಶಾಲೆಯೂ ತಂದೆತಾಯಿಗಳ ಕೈಯಿಂದ ತೆಗೆದುಕೊಳ್ಳಲಾರದು, ತೆಗೆದುಕೊಳ್ಳಲೂ ಬಾರದು.

ಮನೆಯ ವಿದ್ಯೆಯು ಎಷ್ಟು ಸತ್ತ್ವಶಾಲಿಯಾಗಿರಬಹುದೆಂಬುದಕ್ಕೆ ಎರಡು ದೃಷ್ಟಾಂತಗಳನ್ನು ಕೊಡುವೆವು. ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನ ಸಭಾಪಾಲಕರ ಪತ್ನಿಯಾಗಿದ್ದ ಸುಸನ್ನಾ ವೆಸ್ಲಿಯವರು ತಮ್ಮ ಮಕ್ಕಳಿಗೆ ತಾವೇ ಪಾಠ ಹೇಳಿದರು. ಬೆಳಿಗ್ಗೆ ಮೂರು ಗಂಟೆ, ಮಧ್ಯಾಹ್ನ ಮೂರು ಗಂಟೆ ಕ್ರಮವಾಗಿ ಪಾಠ ನಡೆಯುತ್ತಿತ್ತು. ಚೆನ್ನಾಗಿ ಓದಲು ಬರುವವರೆಗೆ ಯಾವ ಹೆಣ್ಣುಮಗುವನ್ನೂ ಕೆಲಸಕ್ಕೆ ಹಚ್ಚಕೂಡದೆಂಬ ನಿಯಮವೂ ಆ ಮನೆಯಲ್ಲಿತ್ತು. ಮಗನಾದ ಜಾನ್ ವೆಸ್ಲಿಗೆ 1732ರಲ್ಲಿ ಬರೆದ ಪತ್ರದಲ್ಲಿ ಅವರು ಈ ಕ್ರಮವನ್ನೆಲ್ಲ ವಿವರಿಸಿದ್ದಾರೆ. ಮುಂದೆ ಆ ಮಗನ ಅನುಯಾಯಿಗಳೇ ನಮ್ಮ ಮೈಸೂರು ಸೀಮೆಗೆ ಬಂದು ಶಾಲೆಗಳನ್ನು ತೆರೆದರೆಂಬುದನ್ನು ವಾಚಕರು ಬಲ್ಲರು.

ಎರಡನೆಯ ದೃಷ್ಟಾಂತವು ನಮ್ಮ ಕನ್ನಡನಾಡಿನದೇ. ಪಶ್ಚಿಮಘಟ್ಟದ ಗಂಗಾಮೂಲವೆಂಬ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡಿದ್ದ ಅನಂತಶಾಸ್ತ್ರಿ ಡೋಂಗ್ರೆಯವರು, ಹೆಂಗಸರಿಗೆ ಸಂಸ್ಕೃತವೇಕೆಂದು ಪಂಡಿತರು ಆಕ್ಷೇಪಿಸಿದರೂ ಜಗ್ಗದೆ, ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಆ ಭಾಷೆಯನ್ನು ಕಲಿಸಿದರು. ಆ ತಾಯಿಯೇ 1858ರಲ್ಲಿ ಹುಟ್ಟಿದ ಮಗಳಿಗೆ ಗುರುವಾದರು. ಆ ಮಗಳೇ ಪಂಡಿತಾ ರಮಾಬಾಯಿ. ಒಂದು ದಿನವೂ ಶಾಲೆಯ ಮುಖವನ್ನು ಕಾಣದೆ ಬೆಳೆದ ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಕಲ್ಕತ್ತೆಯ ವಿದ್ವಾಂಸರು 1878ರಲ್ಲಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು.

ಹಾಗಾದರೆ ಶಾಲೆಯೇತಕ್ಕೆ ಎಂದು ಕೇಳಬಹುದು. ಈ ಎರಡು ಕಥೆಗಳ ಉತ್ತರಾರ್ಧವನ್ನು ನೋಡಿದರೆ ಇದಕ್ಕೆ ಉತ್ತರವು ದೊರೆಯುವುದು. ವೆಸ್ಲಿ ಮನೆತನದ ಮೂವರು ಗಂಡುಮಕ್ಕಳು ಲಂಡನಿನ ಶಾಲೆಗಳಿಗೂ ಅಲ್ಲಿಂದ ಆಕ್ಸ್‌ಫರ್ಡಿಗೂ ಹೋದರು. ಅವರೊಡನೆ ಒಂದೇ ಮೇಜಿನಲ್ಲಿ ಕಲಿತ ಹೆಣ್ಣುಮಕ್ಕಳಿಗೆ ಆ ದಾರಿಯಿರಲಿಲ್ಲ. ಅವರಲ್ಲೊಬ್ಬಳು ಎಳವೆಯಲ್ಲಿಯೇ ಗ್ರೀಕ್ ಭಾಷೆಯನ್ನು ಓದಬಲ್ಲವಳಾಗಿದ್ದರೂ ಅವಳ ವಿದ್ಯೆಯು ಮನೆಯ ಬಾಗಿಲಲ್ಲಿಯೇ ನಿಂತುಹೋಯಿತು. ರಮಾಬಾಯಿಯವರಾದರೋ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿ, ಬಳಿಕ ಚೆಲ್ಟನ್‌ಹ್ಯಾಮಿನ ಮಹಿಳಾ ವಿದ್ಯಾಲಯವನ್ನು ಸೇರಿ, ಮನೆಯಲ್ಲಿ ದೊರೆಯದಿದ್ದ ಗಣಿತವನ್ನೂ ವಿಜ್ಞಾನವನ್ನೂ ಕಲಿತರು. ಸ್ವದೇಶಕ್ಕೆ ಹಿಂದಿರುಗಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮುಂದೆ ನಮ್ಮ ಕಲಬುರಗಿಯಲ್ಲಿಯೂ ಶಾಲೆಯನ್ನು ಸ್ಥಾಪಿಸಿದರು. ಮನೆಯ ವಿದ್ಯೆಯಿಂದ ಇಷ್ಟು ದೊಡ್ಡವರಾದವರೇ ಶಾಲೆಗಳನ್ನು ಕಟ್ಟಿದ್ದೇಕೆ? ತಮ್ಮ ತಂದೆಯಂಥ ತಂದೆಯು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೂ ದೊರೆಯುವುದು ಕಷ್ಟವೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಇನ್ನು ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ನೆಯ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, 6ರಿಂದ 14 ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಅದರ 10ನೆಯ ಪ್ರಕರಣದಲ್ಲಿ ಹೇಳಿದೆ. ಮನೆಯಲ್ಲಿಯೇ ಓದಿಸುವ ಕ್ರಮಕ್ಕೆ ಆ ಕಾಯಿದೆಯಲ್ಲಿ ಪ್ರತ್ಯೇಕವಾದ ಏರ್ಪಾಡಿಲ್ಲ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆಯ ಮೂಲಕ, 14 ವರ್ಷ ತುಂಬಿದವರು ಹತ್ತನೆಯ ತರಗತಿಯ ಮಟ್ಟದ ಪರೀಕ್ಷೆಗೆ ಹೆಸರು ದಾಖಲು ಮಾಡಿಕೊಂಡು, ಐದು ವರ್ಷಗಳ ಅವಧಿಯಲ್ಲಿ ಅದನ್ನು ಮುಗಿಸಬಹುದು. ಕಾಯಿಲೆಯಿಂದಲೋ ಬಡತನದಿಂದಲೋ ಶಾಲೆ ತಪ್ಪಿದವರಿಗೆ ಇದು ನಿಜವಾಗಿಯೂ ಉಪಕಾರವಾಗಿದೆ. ಆದರೆ ಪರೀಕ್ಷೆಗೆ ದಾರಿಯಿದ್ದ ಮಾತ್ರಕ್ಕೆ ಪಾಠ ಹೇಳುವವರು ಇದ್ದಂತಾಗುವುದಿಲ್ಲ. ರಾತ್ರಿಯ ಪಾಳಿ ಮುಗಿಸಿ ಬಂದ ತಂದೆಯು ಬೀಜಗಣಿತವನ್ನು ಎಷ್ಟು ದಿನ ಕಲಿಸಬಲ್ಲನು? ವಿಜ್ಞಾನದ ಪ್ರಯೋಗಗಳನ್ನು ಎಲ್ಲಿ ಮಾಡಿಸಬೇಕು? ತಂದೆ ನಿದ್ರಿಸುವಾಗ, ತಾಯಿ ದುಡಿಯಲು ಹೋದಾಗ, ಮನೆಯಲ್ಲುಳಿದ ಹದಿಮೂರು ವರ್ಷದ ಮಗಳ ಕೈಗೆ ಮೊದಲು ಬರುವುದು ಪುಸ್ತಕವಲ್ಲ, ಪೊರಕೆ; ಆಮೇಲೆ ತಮ್ಮಂದಿರ ಆರೈಕೆ; ಆಮೇಲೆ ಮದುವೆಯ ಮಾತು. ಯಾವ ತಂದೆಯೂ ಹೀಗಾಗಲೆಂದು ಬಯಸುವುದಿಲ್ಲ. ಬಯಸದಿದ್ದರೂ ಹೀಗಾಗುವುದುಂಟು. ಹೆಣ್ಣುಮಕ್ಕಳ ಶಾಲೆಯು ಉಳಿಯಬೇಕೆಂದು ನಾವು ಹೇಳುವುದು ಮುಖ್ಯವಾಗಿ ಈ ಕಾರಣಕ್ಕಾಗಿಯೇ.

ಆದರೂ ಆ ತಂದೆಯವರು ಕಳೆದುಕೊಂಡೆನೆಂದು ದುಃಖಿಸುವ ವಸ್ತುವು ದೊಡ್ಡದು. ಅದನ್ನು ಮರಳಿ ಪಡೆಯುವ ಉಪಾಯವನ್ನೂ ಹೇಳಬೇಕಷ್ಟೆ. ಲೆಕ್ಕ ಹಾಕಿ ನೋಡಿರಿ. ಆರರಿಂದ ಎಂಟನೆಯ ತರಗತಿಗಳಿಗೆ ವರ್ಷದಲ್ಲಿ ಕನಿಷ್ಠ 220 ದಿನ, 1000 ಗಂಟೆಗಳ ಪಾಠವನ್ನು ಕಾಯಿದೆಯು ವಿಧಿಸಿದೆ. ವರ್ಷದಲ್ಲಿರುವುದು 8760 ಗಂಟೆ. ದಿನಕ್ಕೆ 9 ಗಂಟೆಯಂತೆ ನಿದ್ರೆಗೆ 3285 ಗಂಟೆಗಳನ್ನು ಕಳೆದರೂ, ಪಾಠದ ಹೊತ್ತು ಹೋಗಿ 4475 ಗಂಟೆಗಳು ಉಳಿಯುವವು. ದಾರಿಯ ಪ್ರಯಾಣಕ್ಕೂ ಬರಹಕ್ಕೂ ಇದರಲ್ಲಿ ಧಾರಾಳವಾಗಿ ಬಿಟ್ಟರೂ, ಶಾಲೆಗಿಂತ ಮನೆಗೇ ಹೆಚ್ಚು ಹೊತ್ತು ದೊರೆಯುವುದು. ಸುಸನ್ನಾ ವೆಸ್ಲಿಯವರು ದಿನಕ್ಕೊಂದು ಮಗುವಿನಂತೆ ಪ್ರತ್ಯೇಕವಾಗಿ ಕೂರಿಸಿಕೊಂಡು ಸಂಜೆ ಮಾತನಾಡುತ್ತಿದ್ದರು. ಪಾಳಿಯ ಕೆಲಸದವರಿಗೆ ಸಂಜೆ ಸಿಕ್ಕದಿದ್ದರೆ ವಾರದ ರಜೆಯ ದಿನ ಒಂದು ಗಂಟೆ ಸಾಕು. ಪ್ರಾರ್ಥನೆಯು ರಾತ್ರಿಯೇ ಆಗಬೇಕೆಂಬ ವಿಧಿಯಿಲ್ಲ. ಬೆಳಿಗ್ಗೆ ಹತ್ತು ನಿಮಿಷವಾದರೂ ಆಗಬಹುದು. ತಂದೆಯ ಕೆಲಸವೇನು, ಸಂಬಳವೆಷ್ಟು, ಅದು ಹೇಗೆ ಖರ್ಚಾಗುತ್ತದೆ, ಸಾಲವೆಂದರೇನು, ಸತ್ಯ ಹೇಳಿ ನಷ್ಟವಾದಾಗ ಮನೆಯವರು ಹೇಗೆ ನಡೆದುಕೊಂಡರು, ಇವೆಲ್ಲ ಶಾಲೆಯಲ್ಲಿ ಕಲಿಸಲಾಗದ ಪಾಠಗಳು.

ಶಾಲೆಗೂ ಇಲ್ಲಿ ಒಂದು ಕರ್ತವ್ಯವುಂಟು. ಬರಹದ ಹೊರೆಯನ್ನು ಮನೆಗೆ ಕಳುಹಿಸಿ ಕುಟುಂಬದ ಸಂಜೆಯನ್ನು ಕಸಿದುಕೊಳ್ಳುವುದು ಯಾವ ಶಾಲೆಗೂ ತಕ್ಕುದಲ್ಲ. ಅಂಕಗಳಿಂದಲೇ ಮಗುವನ್ನು ಅಳೆಯುವ ಅಭ್ಯಾಸವನ್ನು ಉಪಾಧ್ಯಾಯಿನಿಯರೂ ಹೆತ್ತವರೂ ಕೂಡಿಯೇ ಬಿಡಬೇಕು.

ದೊಡ್ಡಬಳ್ಳಾಪುರದ ಮಗ್ಗಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಾಸು ಬೇರೆ, ಹೊಕ್ಕು ಬೇರೆ. ಎರಡೂ ಸೇರಿದಲ್ಲದೆ ಬಟ್ಟೆಯಾಗದು. ನಮ್ಮಲ್ಲಿ ಓದಿ ಈಗ ತಾಯಂದಿರಾಗಿರುವ ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮ ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿರಿ. ಕಳುಹಿಸಿದ ಮೇಲೆ ಅವರಿಗೆ ಗುರುಗಳಾಗಿರುವುದನ್ನು ಬಿಡಬೇಡಿರಿ. ಈ ಎರಡು ಕೆಲಸಗಳಿಗೂ ಬೇಕಾದ ಬಲವನ್ನು ದೇವರು ನಿಮ್ಮ ಮನೆಗಳಿಗೆ ಅನುಗ್ರಹಿಸಲಿ.