ದೊಡ್ಡಜ್ಜನ ಬಗ್ಗೆ ನಾಲ್ಕು ಸಾಲು ಬರೆಯೋಕೆ

ನಮ್ಮ ದೊಡ್ಡಜ್ಜ, ಅಂದರೆ ಅಜ್ಜನ ಅಣ್ಣ, ನಾಟಕ ಕಂಪನಿಯ ನಟ. ಅವರ ಬಗ್ಗೆ ಮನೆಯಲ್ಲಿ ಮೂರು ಮಾತು ಖಾಯಂ. 1910ರಲ್ಲಿ ಹುಟ್ಟಿದರು, ಗುಬ್ಬಿ ಕಂಪನಿಯಲ್ಲಿದ್ದರು, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ಬಣ್ಣ ಹಚ್ಚಿದ್ದರು. ಕನ್ನಡ ವಿಕಿಪೀಡಿಯಕ್ಕೆ ಅವರ ಪರಿಚಯ ಬರೆಯೋಣ ಅಂತ ಕೂತಾಗ ಈ ಮೂರನ್ನೂ ಟೆಸ್ಟ್ ಮಾಡಬೇಕಾಯಿತು. ಯಾಕೆಂದರೆ ಅಲ್ಲಿ ‘ನಮ್ಮನೇಲಿ ಹೇಳ್ತಾರೆ’ ಅನ್ನೋದು ಆಧಾರ ಅಲ್ಲ. ವಿಷಯ ಎಲ್ಲೋ ಅಚ್ಚಾಗಿರಬೇಕು, ಬೇರೆಯವರೂ ತೆಗೆದು ನೋಡುವಂತಿರಬೇಕು. ನೆಂಟರೇ ಬರೆಯೋದಾದರೆ ಆ ಸಂಬಂಧವನ್ನೂ ಮೊದಲೇ ಹೇಳಿಕೊಳ್ಳಬೇಕು.

ಹುಟ್ಟಿದ ವರ್ಷದಿಂದ ಶುರು ಮಾಡಿದೆ. ಜಾತಕದಲ್ಲಿ ಇಸವಿ ಇಲ್ಲ, ‘ಸಾಧಾರಣ ಸಂವತ್ಸರ, ಪುಷ್ಯ ಬಹುಳ’ ಅಂತಷ್ಟೇ ಇದೆ. ಸಾಧಾರಣ ಅಂದರೆ 1910 ಅಂತ ಎಲ್ಲರೂ ಲೆಕ್ಕ ಹಾಕಿಬಿಟ್ಟಿದ್ದಾರೆ. ಆದರೆ ಸಂವತ್ಸರ ನಡೆಯೋದು ಯುಗಾದಿಯಿಂದ ಯುಗಾದಿಗೆ. ಪುಷ್ಯ ಹತ್ತನೇ ತಿಂಗಳು. ಅಷ್ಟು ಹೊತ್ತಿಗೆ ಇಂಗ್ಲಿಷ್ ಕ್ಯಾಲೆಂಡರ್ 1911ರ ಜನವರಿಗೆ ಬಂದಾಗಿತ್ತು. ತಮಾಷೆ ಏನಪ್ಪಾ ಅಂದ್ರೆ, ಕಸಿನ್ ಒಬ್ಬ ತನ್ನ ಬ್ಲಾಗ್‌ನಲ್ಲಿ 1910 ಅಂತ ಹಾಕಿದ್ದ. ಸ್ಥಳೀಯ ಪತ್ರಿಕೆಯೊಂದು ಅದನ್ನೇ ನೋಡಿ ಬರೆಯಿತು. ಈಗ ಅವನು ‘ಪೇಪರಲ್ಲೇ ಬಂದಿದೆಯಲ್ಲ’ ಅಂತಾನೆ. ನಮ್ಮ ಕೋಡ್‌ನಲ್ಲಿ ಇದಕ್ಕೆ ಸರ್ಕ್ಯುಲರ್ ಡಿಪೆಂಡೆನ್ಸಿ ಅಂತೀವಿ. ಜಾತಕವೂ ಅಚ್ಚಾದ ದಾಖಲೆಯಲ್ಲ, ಹಾಗಾಗಿ ಇಸವಿಯನ್ನೇ ಬಿಟ್ಟೆ.

ಗುಬ್ಬಿ ಕಂಪನಿ ವಿಷಯ ಬೇಗ ಮುಗೀತು. ಹಳೇ ನಟರಿದ್ದ ಯಾವ ಮನೆಗೆ ಹೋದರೂ ಅವರೆಲ್ಲ ಗುಬ್ಬಿ ವೀರಣ್ಣನವರ ಕಂಪನಿಯವರೇ! ಸಿಕ್ಕಿದ ಕಾಗದಗಳಲ್ಲೆಲ್ಲ ಇರೋದು ಬೇರೆ ಒಂದು ಸಣ್ಣ ಕಂಪನಿಯ ಹೆಸರು.

ಸಿನಿಮಾದ್ದು ಕಷ್ಟವಾಯಿತು. ದೊಡ್ಡಜ್ಜನ ಮಗಳು, ನಮ್ಮ ಅತ್ತೆ, 80 ದಾಟಿದವರು. ಅವರಿಗೆ ಬೇಕಿದ್ದಿದ್ದು ಆ ಒಂದು ಸಾಲು ಮಾತ್ರ. ‘ಸತಿ ಸುಲೋಚನ’ ಬಿಡುಗಡೆಯಾಗಿದ್ದು 1934ರ ಮಾರ್ಚ್ 3ರಂದು. ನಿರ್ದೇಶನ ವೈ.ವಿ. ರಾವ್. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಮುಖ್ಯ ಪಾತ್ರಗಳಲ್ಲಿದ್ದರು. ಚಿತ್ರದ ಪ್ರಿಂಟ್ ಉಳಿದಿಲ್ಲ, ಆದ್ದರಿಂದ ಹಾಕಿ ನೋಡೋ ಹಾಗಿಲ್ಲ. ಶೂಟಿಂಗ್ ನಡೆದಿದ್ದು ಕೊಲ್ಹಾಪುರದಲ್ಲಿ, ಅತ್ತೆಯ ಹತ್ತಿರ ಇರೋ ಕಾರ್ಡ್ ಕೂಡ ದೊಡ್ಡಜ್ಜ ಕೊಲ್ಹಾಪುರದಿಂದ ಬರೆದದ್ದೇ. ಭೂತಗನ್ನಡಿ ಇಟ್ಟು ನೋಡಿದರೆ ಅಂಚೆ ಮುದ್ರೆಯಲ್ಲಿ 1936 ಇದೆ. ಸಿನಿಮಾ ತೆರೆಗೆ ಬಂದು ಎರಡು ವರ್ಷ ಆದಮೇಲೆ! ಅತ್ತೆಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡರು, ಏನೂ ಹೇಳಲಿಲ್ಲ. ಆ ಸಾಲು ಹೋಯಿತು.

ಅದೇ ಟ್ರಂಕಿನಲ್ಲಿ ಒಂದು ಹ್ಯಾಂಡ್‌ಬಿಲ್ ಇತ್ತು. ‘ಮಾರ್ಚ್ 14ನೇ ತಾರೀಖು ಶನಿವಾರ ರಾತ್ರಿ’ ಅಂತಿದೆ, ವರ್ಷ ಇಲ್ಲ. ನಾಳಿದ್ದಿನ ಆಟಕ್ಕೆ ಹಂಚೋ ಕಾಗದಕ್ಕೆ ವರ್ಷ ಯಾಕೆ ಬೇಕು ಹೇಳಿ? ಎರಡು ಸಾಲಿನ ಪೈಥಾನ್ ಬರೆದೆ. ಅವರು ವೇಷ ಕಟ್ಟುತ್ತಿದ್ದ ಕಾಲದಲ್ಲಿ ಮಾರ್ಚ್ 14 ಶನಿವಾರ ಬಿದ್ದಿದ್ದು 1931, 1936, 1942 ಮತ್ತು 1953ರಲ್ಲಿ. ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿ ‘ಯುದ್ಧನಿಧಿಯ ಸಹಾಯಾರ್ಥ’ ಅಂತ ಇತ್ತು. ಅಲ್ಲಿಗೆ 1942. ಆಫೀಸಲ್ಲಿ ಎಷ್ಟೋ ಬಗ್ ಹಿಡಿದಿದ್ದೀನಿ, ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಆದರೆ ಇದನ್ನೂ ಲೇಖನದಲ್ಲಿ ಹಾಕೋ ಹಾಗಿಲ್ಲ. ವಿಕಿಪೀಡಿಯದ ಲೆಕ್ಕದಲ್ಲಿ ಇದು ಸ್ವಂತ ಸಂಶೋಧನೆ. ನನಗೆ ಸಿಟ್ಟು ಬಂದಿದ್ದು ನಿಜ. ಆಮೇಲೆ ಕಸಿನ್‌ನ 1910 ನೆನಪಾಗಿ ಸುಮ್ಮನಾದೆ.

ಹ್ಯಾಂಡ್‌ಬಿಲ್ಲಿನಲ್ಲಿ ಇನ್ನೊಂದು ವಿಷಯ ಇತ್ತು. ದೊಡ್ಡಜ್ಜನ ಹೆಸರಿನ ಎದುರು ‘ಸೈರಂಧ್ರಿ’ ಅಂತ ಅಚ್ಚಾಗಿದೆ. ಅವರು ಸ್ತ್ರೀಪಾತ್ರ ಮಾಡುತ್ತಿದ್ದರು ಅಂತ ನಮ್ಮ ಮನೆಯಲ್ಲಿ ಯಾರೂ, ಯಾವತ್ತೂ ಹೇಳಿದ್ದಿಲ್ಲ. ಆ ಕಾಲದ ನಟರೊಬ್ಬರ ಆತ್ಮಕಥೆ ಲೈಬ್ರರಿಯಲ್ಲಿ ಸಿಕ್ಕಿತು. ಅದರಲ್ಲೂ, ರಂಗಭೂಮಿ ಬಗ್ಗೆ ಇರೋ ಇನ್ನೊಂದು ಪುಸ್ತಕದಲ್ಲೂ ದೊಡ್ಡಜ್ಜನ ಬಗ್ಗೆ ಕೆಲವು ಪುಟ ಇವೆ, ಎಲ್ಲಾ ಅವರ ಸ್ತ್ರೀಪಾತ್ರಗಳದ್ದೇ. ಅಂದರೆ ಅಚ್ಚಾದ ಆಧಾರ ಇರೋದು ಮನೆಯವರು ಮುಚ್ಚಿಟ್ಟ ವಿಷಯಕ್ಕೆ ಮಾತ್ರ.

ಅತ್ತೆಗೆ ಆ ಪುಟಗಳನ್ನು ಓದಿ ಹೇಳಿದೆ. ‘ಶಾಲೇಲಿ ಹುಡುಗರು ಅಪ್ಪನ ನಡಿಗೆ ಅಣಕಿಸೋರು ಕಣೋ, ಅದಕ್ಕೇ ನಾವು ಸಿನಿಮಾ ಅಂತ ಹೇಳೋಕೆ ಶುರುಮಾಡಿದ್ವಿ’ ಅಂದರು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಗೇ ಹೆಸರಾದ ಬಾಲಗಂಧರ್ವರಿಗೆ 1964ರಲ್ಲಿ ಪದ್ಮಭೂಷಣ ಬಂತು ಅಂತ ಹೇಳಿದೆ. ‘ಅದೆಲ್ಲ ದೊಡ್ಡೋರ ಮಾತು’ ಅಂತ ಎದ್ದು ಹೋದರು. ಅವರು ಬೇಡ ಅಂದಿದ್ದರೆ ಲೇಖನವನ್ನೇ ಕೈಬಿಡ್ತಿದ್ದೆ. ಸ್ತ್ರೀಪಾತ್ರ ಬಿಟ್ಟು ಅವರ ಬಗ್ಗೆ ಬರೆಯೋದು ನನ್ನಿಂದ ಆಗ್ತಿರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಅತ್ತೆಯೇ ಫೋನ್ ಮಾಡಿ ಕರೆಸಿಕೊಂಡರು. ಸೀರೆಯ ಮಡಿಕೆಯೊಳಗಿಂದ ಒಂದು ಸ್ಟುಡಿಯೋ ಫೋಟೋ ತೆಗೆದರು. ಉದ್ದ ಜಡೆ, ಮೂಗುತಿ, ಗಲ್ಲದ ಮೇಲೆ ಬೆರಳು. ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡ್ತಾ ಇದ್ದೆ, ‘ಕೆಳಗೆ ಏನಂತ ಬರೀತೀಯ?’ ಅಂತ ಕೇಳಿದರು. ಹೆಸರು ಹಾಕ್ತೀನಿ ಅಂದೆ.

‘ಹೆಸರಷ್ಟೇ ಸಾಲದು’ ಅಂದರು. ‘ಸೈರಂಧ್ರಿ ಪಾತ್ರದಲ್ಲಿ ಅಂತಾನೂ ಬರಿ.’