ಇನ್ನೊಂದು ಫ್ಯಾನ್ ಕೊಳ್ಳೋ ಮುಂಚೆ...

ಸ್ವಂತ ಪಿಸಿ ಜೋಡಿಸುವವರು ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಫ್ಯಾನ್ ಮಾತ್ರ ಎಸ್.ಪಿ. ರೋಡಿನಲ್ಲಿ ಕ್ಯಾಬಿನೆಟ್ ಜೊತೆ ಏನು ಬಂತೋ ಅದೇ. ಆಮೇಲೆ ರಾತ್ರಿ ಹನ್ನೊಂದಕ್ಕೆ ಒಂದು ವಿಡಿಯೊ ರೆಂಡರ್‌ಗೆ ಹಾಕಿದರೆ ಮಿಕ್ಸಿ ಶುರುವಾದ ಹಾಗೆ ಸದ್ದು. ಒಂದೇ ರೂಮಿನ ಮನೆ, ಪಕ್ಕದಲ್ಲೇ ಮಗು ಮಲಗಿದೆ ಅಂದ್ರೆ ಕೆಲಸವೂ ಆಗಲ್ಲ, ನಿದ್ದೆಯೂ ಇಲ್ಲ. ಆಗ ಹೊಳೆಯೋದು, ಇನ್ನೆರಡು ಫ್ಯಾನ್ ತರೋಣ ಅಂತ. ತಡೀರಿ. ಎಷ್ಟೋ ಸಲ ತೊಂದರೆ ಇರೋದು ಫ್ಯಾನಿನ ಸಂಖ್ಯೆಯಲ್ಲಲ್ಲ, ಅದನ್ನ ಎಲ್ಲಿ ಚುಚ್ಚಿದ್ದೀರಿ, ಬಯೋಸ್‌ನಲ್ಲಿ ಏನು ಸೆಟ್ ಮಾಡಿದ್ದೀರಿ ಅನ್ನೋದ್ರಲ್ಲಿ.

ಮೊದಲು ವೈರಿನ ತುದಿ ನೋಡಿ. ಮೂರು ಪಿನ್ನಿನ ಫ್ಯಾನಿನಲ್ಲಿ ಒಂದು ಗ್ರೌಂಡ್, ಒಂದು 12 ವೋಲ್ಟ್, ಇನ್ನೊಂದು ‘ಇಷ್ಟು ವೇಗದಲ್ಲಿ ತಿರುಗ್ತಿದೀನಿ’ ಅಂತ ಮದರ್‌ಬೋರ್ಡಿಗೆ ವರದಿ ಒಪ್ಪಿಸೋ ತಂತಿ. ಇದರ ವೇಗ ಇಳಿಸಬೇಕಾದರೆ ವೋಲ್ಟೇಜನ್ನೇ ಇಳಿಸಬೇಕು. ನಾಲ್ಕು ಪಿನ್ನಿನದಕ್ಕೆ 12 ವೋಲ್ಟ್ ಹಾಗೇ ಇರುತ್ತೆ. ನಾಲ್ಕನೇ ತಂತಿಯಲ್ಲಿ ಸೆಕೆಂಡಿಗೆ ಸುಮಾರು 25,000 ಸಲ ಆನ್-ಆಫ್ ಆಗೋ ಸಿಗ್ನಲ್ ವೇಗ ತಿಳಿಸುತ್ತೆ. ಇದೇ ಪಿಡಬ್ಲ್ಯುಎಂ. ಮೂರು ಪಿನ್ನಿನ ಫ್ಯಾನು ನಾಲ್ಕು ಪಿನ್ನಿನ ಹೆಡರ್‌ನಲ್ಲೂ ಕೂರುತ್ತೆ. ಆದರೆ ಆ ಹೆಡರ್ ಪಿಡಬ್ಲ್ಯುಎಂ ಮೋಡ್‌ನಲ್ಲಿದ್ದರೆ, ಕೇಳೋಕೆ ನಾಲ್ಕನೇ ತಂತಿಯೇ ಇಲ್ಲದ ಫ್ಯಾನು ಸದಾ ಫುಲ್ ಸ್ಪೀಡಲ್ಲೇ ಓಡುತ್ತೆ. ಬಯೋಸ್‌ನಲ್ಲಿ ಡಿಸಿ ಮೋಡ್‌ಗೆ ಬದಲಿಸಿ. ಖರ್ಚು ಸೊನ್ನೆ.

ಸ್ಪ್ಲಿಟರ್ ಹಾಕಿ ಒಂದೇ ಹೆಡರ್‌ಗೆ ನಾಲ್ಕೈದು ಫ್ಯಾನ್ ಸಿಕ್ಕಿಸುವ ಮುನ್ನ ಮ್ಯಾನ್ಯುಯಲ್ ತೆರೆಯಿರಿ. ಸಾಮಾನ್ಯವಾಗಿ ಒಂದು ಹೆಡರ್ ತಾಳುವುದು 1 ಆಂಪ್. ಫ್ಯಾನಿನ ಮೇಲೆ 0.2 ಆಂಪ್ ಅಂತಿದ್ದರೆ ಮೂರು ಆರಾಮ. ಅದಕ್ಕಿಂತ ಹೆಚ್ಚು ಬೇಕಿದ್ದರೆ, ಪವರ್ ಸಪ್ಲೈಯಿಂದಲೇ ಕರೆಂಟ್ ತಗೊಳ್ಳೋ ಫ್ಯಾನ್ ಹಬ್ ಒಳ್ಳೇದು. ಬಣ್ಣದ ಲೈಟಿನ ಫ್ಯಾನ್ ಇದ್ದರೆ ಇನ್ನೂ ಹುಷಾರು: ಎಆರ್‌ಜಿಬಿ ಲೈಟು 5 ವೋಲ್ಟಿನದು, ಹಳೇ ಆರ್‌ಜಿಬಿ 12 ವೋಲ್ಟಿನದು. ಒತ್ತಿ ತುರುಕಿದರೆ ಎಲ್‌ಇಡಿ ಸುಟ್ಟೇ ಹೋಗುತ್ತೆ.

ಈಗ ಫ್ಯಾನ್ ಕರ್ವ್. ನನ್ನ ಪ್ರಕಾರ ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲೇ. ಬ್ರೌಸರ್ ತೆರೆದರೂ ಪ್ರೊಸೆಸರ್ ಒಂದು ಕ್ಷಣ ಹತ್ತಿಪ್ಪತ್ತು ಡಿಗ್ರಿ ಜಿಗಿಯುತ್ತೆ, ಫ್ಯಾನು ಗಾಬರಿಬಿದ್ದು ಹಿಂದೆಯೇ ಓಡುತ್ತೆ. ಕಿವಿಗೆ ಹಿಂಸೆ ಕೊಡೋದು ಈ ಏರಿಳಿತ. ಬಯೋಸ್‌ನಲ್ಲಿ ಸ್ಟೆಪ್-ಅಪ್ ಟೈಮ್ ಅನ್ನೋದನ್ನ ಕೆಲವು ಸೆಕೆಂಡಿಗೆ ಏರಿಸಿ. 60 ಡಿಗ್ರಿವರೆಗೆ ಶೇ. 35, 75ಕ್ಕೆ ಶೇ. 60, 85ಕ್ಕೆ ಪೂರ್ತಿ: ಇಲ್ಲಿಂದ ಶುರು ಮಾಡಿ ನಿಮ್ಮ ಕಿವಿಗೆ ತಕ್ಕಂತೆ ತಿದ್ದಿಕೊಳ್ಳಿ. ಇನ್ನೊಂದು ವಿಷಯ, ಗೇಮ್ ಆಡುವಾಗ ಹೆಚ್ಚು ಬಿಸಿ ಕಕ್ಕೋದು ಗ್ರಾಫಿಕ್ಸ್ ಕಾರ್ಡು. ಆದರೆ ಕ್ಯಾಬಿನೆಟ್ ಫ್ಯಾನು ಸಾಮಾನ್ಯವಾಗಿ ನೋಡ್ತಾ ಇರೋದು ಪ್ರೊಸೆಸರ್ ಮುಖ! ವಿಂಡೋಸ್‌ನಲ್ಲಿ ‘ಫ್ಯಾನ್ ಕಂಟ್ರೋಲ್’ ಎಂಬ ತಂತ್ರಾಂಶ ಹಾಕಿದರೆ ಎರಡನ್ನೂ ನೋಡಿ ಓಡುವಂತೆ ಹೇಳಬಹುದು.

ಗಾಳಿಯ ದಿಕ್ಕು ಸುಲಭ. ಸಾಮಾನ್ಯ ಫ್ಯಾನಿನಲ್ಲಿ ಅಡ್ಡಪಟ್ಟಿ ಇರೋ ಕಡೆಯಿಂದ ಗಾಳಿ ಹೊರಬೀಳುತ್ತೆ. ಮುಂದಿನಿಂದ ಒಳಗೆ, ಹಿಂದೆ-ಮೇಲಿನಿಂದ ಹೊರಗೆ. ಕಲಬುರಗಿಯ ಮೇ ತಿಂಗಳಲ್ಲಿ ರೂಮೇ 40 ಡಿಗ್ರಿ ಇದ್ದರೆ ಯಾವ ಫ್ಯಾನೂ ಅದಕ್ಕಿಂತ ತಣ್ಣಗೆ ಮಾಡಲಾರದು; ಅಲ್ಲಿ ಕಿಟಕಿ ತೆಗೆಯೋದೂ ಲೆಕ್ಕವೇ. ಮುಂದಿನ ಧೂಳಿನ ಜಾಲರಿಯನ್ನ ತಿಂಗಳಿಗೊಮ್ಮೆ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಬ್ಲೋವರ್ ಹಿಡಿಯುವಾಗ ಪಿಸಿ ಆಫ್ ಮಾಡಿ, ರೆಕ್ಕೆಯನ್ನ ಬೆರಳಲ್ಲಿ ಒತ್ತಿ ಹಿಡ್ಕೊಳ್ಳಿ, ಇಲ್ಲಾಂದ್ರೆ ಮಿತಿಮೀರಿ ತಿರುಗಿ ಬೇರಿಂಗ್ ಹೋಗುತ್ತೆ.